ಅಚ್ಚಿಗೆ ಕಚ್ಚುವ ಡಬ್ಬಿ, ಜಾರುವ ಸ್ಕ್ರೂ: ಇಂಜೆಕ್ಷನ್ ಮೋಲ್ಡಿಂಗ್‌ನಲ್ಲಿ ಸಿಲಿಕೋನ್ ಬಳಸುವ ಕ್ರಮ

ಡಬ್ಬಿ ಅಚ್ಚು ಬಿಟ್ಟು ಬರುತ್ತಿರಲಿಲ್ಲ, ಯಾರೋ ಸಿಲಿಕೋನ್ ಹಾಕಿ ಎಂದರು, ಹಾಕಿದೆವು, ಈಗ ಸ್ಕ್ರೂ ಹಿಂದಕ್ಕೇ ಬರುತ್ತಿಲ್ಲ. ಪೀಣ್ಯ, ಬೊಮ್ಮಸಂದ್ರದ ಸಣ್ಣ ಶೆಡ್ಡುಗಳಿಂದ ನನಗೆ ಬರುವ ಫೋನುಗಳಲ್ಲಿ ಬಹುಪಾಲು ಇದೇ ಧಾಟಿಯವು. ಇಂಜೆಕ್ಷನ್ ಮೋಲ್ಡಿಂಗ್ ಯಂತ್ರದಲ್ಲಿ ಹಾಪರ್ ಎಂಬ ಬಾಯಿಗೆ ಹಾಕಿದ ಪ್ಲಾಸ್ಟಿಕ್ ಕಾಳು ಬ್ಯಾರೆಲ್ ಎಂಬ ಬಿಸಿ ಕೊಳವೆಯಲ್ಲಿ ಕರಗುತ್ತದೆ; ಅದರೊಳಗಿನ ಸ್ಕ್ರೂ ತಿರುಗುತ್ತ ಹಿಂದಕ್ಕೆ ಬಂದು ಮಾಲು ಕೂಡಿಸಿಕೊಂಡು, ಮುಂದಕ್ಕೆ ನುಗ್ಗಿ ಅಚ್ಚಿಗೆ ತುಂಬುತ್ತದೆ. ಹೀಗೆ ಒಮ್ಮೆ ತುಂಬಿದರೆ ಒಂದು ಶಾಟ್. ಒಮ್ಮೆ ನಾನೇ ಎದುರಿಗಿದ್ದೆ. ಆಪರೇಟರ್ ಚಹಾ ಲೋಟದಲ್ಲಿ ಸಿಲಿಕೋನ್ ಎಣ್ಣೆ ತಂದು ಹಾಪರಿನೊಳಗೆ ಸುರಿದು, ಕೋಲಿನಿಂದ ಕಲಸಿದ. ಮೊದಲ ಆರೇಳು ಡಬ್ಬಿಗಳು ಬೆಣ್ಣೆಯಂತೆ ಜಾರಿಬಂದವು. ಆಮೇಲೆ ಸ್ಕ್ರೂ ನಿಂತಲ್ಲೇ ಗಿರಗಿರ ತಿರುಗತೊಡಗಿತು. ಬ್ಯಾರೆಲ್ ಬಿಚ್ಚಿ ತೊಳೆಯುವಷ್ಟರಲ್ಲಿ ಆ ಪಾಳಿಯೇ ಮುಗಿದಿತ್ತು.

ಅಲ್ಲಿ ಕೆಟ್ಟದ್ದು ಸಿಲಿಕೋನ್ ಅಲ್ಲ, ಕ್ರಮ. ಹಾಕುವ ಮೊದಲು ನೋಡಬೇಕಾದದ್ದನ್ನು ನೋಡಿರಲಿಲ್ಲ. ಹಾಕಿದ ಮೇಲೆ ಯಂತ್ರದಲ್ಲಿ ಬದಲಿಸಬೇಕಾದದ್ದನ್ನೂ ಬದಲಿಸಿರಲಿಲ್ಲ. ಈ ಎರಡನೆಯ ತಪ್ಪನ್ನು ಅನುಭವಸ್ಥರೂ ಮಾಡುತ್ತಾರೆ, ಆಮೇಲೆ ‘ದುಡ್ಡು ದಂಡ, ಏನೂ ಪ್ರಯೋಜನವಾಗಲಿಲ್ಲ’ ಎನ್ನುತ್ತಾರೆ.

ಮುಂದಿನ ಹಂತಗಳಲ್ಲಿ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಪಾಲಿಪ್ರೊಪಿಲೀನ್, ಅಂದರೆ ಪಿ.ಪಿ. ಕೋಪಾಲಿಮರಿನ ಅಡುಗೆಮನೆ ಡಬ್ಬಿ. ಆಳ ಸುಮಾರು 120 ಮಿ.ಮೀ., ತೂಕ 120 ಗ್ರಾಂ. ಡಬ್ಬಿಯ ಒಳಮೈ ರೂಪಿಸುವ ಅಚ್ಚಿನ ಭಾಗವಾದ ಕೋರಿಗೆ ಕಚ್ಚಿಕೊಳ್ಳುತ್ತದೆ, ಹೊರದಬ್ಬುವ ಎಜೆಕ್ಟರ್ ಪಿನ್ ತಳ್ಳಿದ ಜಾಗ ಬೆಳ್ಳಗಾಗುತ್ತದೆ.

ಬೇಕಾಗುವ ಸಲಕರಣೆ

- 1 ಗ್ರಾಂವರೆಗೆ ಸರಿಯಾಗಿ ತೋರಿಸುವ ತಕ್ಕಡಿ; ತೀರಾ ಚಿಕ್ಕ ಭಾಗಗಳಾದರೆ 0.01 ಗ್ರಾಂನದು
- ಮುಚ್ಚಳವಿರುವ, ಉರುಳಿಸಬಹುದಾದ ಡ್ರಮ್
- ಯಂತ್ರದ ಪರದೆಯ ಅಂಕಿಗಳನ್ನು ಬರೆದಿಡಲು ಒಂದು ಪುಸ್ತಕ
- ವರ್ನಿಯರ್ ಕ್ಯಾಲಿಪರ್, ಅಂಟುಪಟ್ಟಿ
- ಮುದ್ರಣದ ಕೆಲಸವಿದ್ದರೆ ಡೈನ್ ಪೆನ್ (ಮೈ ಶಾಯಿ ಹಿಡಿಯುತ್ತದೆಯೇ ಎಂದು ಗೆರೆ ಎಳೆದು ನೋಡುವ ಪೆನ್ನು)

ಇವುಗಳಲ್ಲಿ ಶೆಡ್ಡುಗಳಲ್ಲಿ ಸಾಮಾನ್ಯವಾಗಿ ಇಲ್ಲದಿರುವುದು ಪುಸ್ತಕ.

ಹಂತ 1: ಈ ಭಾಗಕ್ಕೆ ಸಿಲಿಕೋನ್ ಹಾಕಬಹುದೇ?

ಮೊದಲು ಕೇಳಬೇಕಾದ್ದು ಇದನ್ನೇ. ಡಬ್ಬಿ ಅಚ್ಚಿನಿಂದ ಹೊರಬಂದ ಮೇಲೆ ಎಲ್ಲಿಗೆ ಹೋಗುತ್ತದೆ? ಪೆಟ್ಟಿಗೆಗೋ, ಬಣ್ಣದ ಬೂತಿಗೋ, ಮುದ್ರಣದ ಮೇಜಿಗೋ?

ಸಿಲಿಕೋನಿನ ಮೇಲ್ಮೈ ಎಳೆತ (ಸರ್ಫೇಸ್ ಟೆನ್ಷನ್) ಸೆಂ.ಮೀ.ಗೆ ಸುಮಾರು 20 ಡೈನ್, ಪಿ.ಪಿ.ಯದ್ದು 30ರ ಆಸುಪಾಸು. ಹೀಗಾಗಿ ಕರಗಿದ ಮಾಲಿನಲ್ಲಿ ಅದು ಹೊರಮೈಯತ್ತ ಸೇರಿಕೊಳ್ಳುತ್ತದೆ. ಜಾರುವಿಕೆ, ಗೀರು ತಡೆಯುವ ಶಕ್ತಿ ಎಲ್ಲ ಇದರಿಂದಲೇ. ಬಣ್ಣ ಕೂರದಿರುವುದು, ಶಾಯಿ ಸುಲಿಯುವುದು, ಅಂಟು ಹಿಡಿಯದಿರುವುದೂ ಇದರಿಂದಲೇ. ಒಂದನ್ನು ಬಿಟ್ಟು ಇನ್ನೊಂದನ್ನು ಕೊಡುವ ಸಿಲಿಕೋನ್ ನನಗೆ ಇನ್ನೂ ಸಿಕ್ಕಿಲ್ಲ.

ಕೆಳಗಿನವುಗಳಿಗೆ ಬೇಡವೆನ್ನಿ, ಅಥವಾ ಗಿರಾಕಿಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಬಣ್ಣ ಬಳಿಯುವ ಅಥವಾ ಕ್ರೋಮ್ ಲೇಪಿಸುವ ಎ.ಬಿ.ಎಸ್. (ಇನ್ನೊಂದು ಬಗೆಯ ಪ್ಲಾಸ್ಟಿಕ್) ಭಾಗಗಳು. ಅಂಟಿನಿಂದ ಜೋಡಿಸುವಂಥವು. ಅಚ್ಚಿನೊಳಗೇ ಲೇಬಲ್ ಕೂರಿಸುವಂಥವು. ಪಾರದರ್ಶಕ ಭಾಗಗಳು, ಸಿಲಿಕೋನಿನ ವಕ್ರೀಭವನಾಂಕ 1.40, ಪಾಲಿಕಾರ್ಬೊನೇಟಿನದು 1.58 ಆದ್ದರಿಂದ ಎರಡೂ ಬೆರೆತಲ್ಲಿ ಮಂಜು ಕವಿದಂತಾಗುತ್ತದೆ.

ಸ್ವಿಚ್, ರಿಲೇ ಮಾಡುವವರ ಕೆಲಸವಾದರೆ ಇನ್ನೂ ಎಚ್ಚರ ಬೇಕು. ಸಿಲಿಕೋನಿನಿಂದ ಹೊರಡುವ ಆವಿ ಲೋಹದ ಸಂಪರ್ಕಬಿಂದುಗಳ ಕಿಡಿಯಲ್ಲಿ ಸುಟ್ಟು ಸಿಲಿಕಾ ಆಗುತ್ತದೆ. ಸಿಲಿಕಾದೊಳಗೆ ವಿದ್ಯುತ್ ಹರಿಯುವುದಿಲ್ಲ. ಕೆಲವು ಗಿರಾಕಿಗಳು ಕಾರ್ಖಾನೆಯೊಳಗೆ ಸಿಲಿಕೋನ್ ಸ್ಪ್ರೇ ಡಬ್ಬವನ್ನೂ ಬಿಡುವುದಿಲ್ಲ. ಅವರ ಹಟಕ್ಕೆ ಕಾರಣವಿದೆ.

ನಮ್ಮ ಡಬ್ಬಿಯಲ್ಲಿ ಆಹಾರ ಇಡುತ್ತಾರೆ. ಹಾಗಾಗಿ ಸಿಲಿಕೋನ್ ಮಾಸ್ಟರ್‌ಬ್ಯಾಚ್ (ಸಿಲಿಕೋನನ್ನು ದಟ್ಟವಾಗಿ ತುಂಬಿದ ಪ್ಲಾಸ್ಟಿಕ್ ಕಾಳು) ಮಾರುವವರಿಂದ ಆಹಾರ ಸಂಪರ್ಕದ ಘೋಷಣೆಯನ್ನು ಮೊದಲೇ ಪಡೆಯಬೇಕು. ಪಿ.ಪಿ.ಗೆ ಐ.ಎಸ್. 10910, ಪ್ಲಾಸ್ಟಿಕ್ಕಿನ ಅಂಶ ಆಹಾರಕ್ಕೆ ಇಳಿಯುತ್ತದೆಯೇ ಎಂಬ ವಲಸೆ ಪರೀಕ್ಷೆಗೆ ಐ.ಎಸ್. 9845 ಎಂಬ ಭಾರತೀಯ ಮಾನಕಗಳಿವೆ. ಪರೀಕ್ಷೆ ನಡೆಯಬೇಕಾದ್ದು ಸಿಲಿಕೋನ್ ಸೇರಿಸಿದ ಸಿದ್ಧ ಡಬ್ಬಿಯ ಮೇಲೆ. ಬರಿಯ ಪಿ.ಪಿ.ಗೆ ಸಿಕ್ಕ ಹಳೆಯ ವರದಿ ತೋರಿಸಿದರೆ ಅದು ಈ ಡಬ್ಬಿಯ ವರದಿಯಾಗುವುದಿಲ್ಲ.

ಹಂತ 2: ಅಚ್ಚನ್ನು ಮೊದಲು ನೋಡಿ

ಅಚ್ಚಿನ ದೋಷಕ್ಕೆ ಮಾಲಿನಲ್ಲಿ ಮದ್ದು ಹಾಕುವುದು ನಿತ್ಯ ಕಾಣುವ ತಪ್ಪು. ಸಿಲಿಕೋನ್ ಆ ದೋಷವನ್ನು ಕೆಲವು ದಿನ ಮುಚ್ಚಿಡುತ್ತದೆ, ಅಷ್ಟೆ. ಅಷ್ಟೂ ದಿನ ಪ್ರತಿ ಕೆ.ಜಿ.ಗೆ ನೀವು ದುಡ್ಡು ಕಟ್ಟುತ್ತಿರುತ್ತೀರಿ.

ಡ್ರಾಫ್ಟ್ ಕೋನವನ್ನು, ಅಂದರೆ ಡಬ್ಬಿ ಬಿಟ್ಟುಬರಲೆಂದು ಅಚ್ಚಿನ ಗೋಡೆಗೆ ಕೊಟ್ಟ ಓರೆಯನ್ನು ಅಳೆಯಿರಿ. ಇಷ್ಟು ಆಳದ ಡಬ್ಬಿಗೆ ಪ್ರತಿ ಬದಿಗೆ ಒಂದು ಡಿಗ್ರಿಯಾದರೂ ಬೇಕು. ಅರ್ಧ ಡಿಗ್ರಿಗಿಂತ ಕಡಿಮೆಯಿದ್ದರೆ ಅಚ್ಚು ಟೂಲ್‌ರೂಮಿಗೆ ಹೋಗಲಿ.

ಕೋರಿನ ಮೇಲೆ ಟಾರ್ಚ್ ಬಿಟ್ಟು ಗೀರುಗಳ ದಿಕ್ಕು ನೋಡಿ. ಪಾಲಿಷ್ ಗೆರೆಗಳು ಡಬ್ಬಿ ಹೊರಬರುವ ದಿಕ್ಕಿನಲ್ಲಿರಬೇಕು. ಅಡ್ಡಗೆರೆಗಳಿದ್ದರೆ ಪ್ರತಿಯೊಂದೂ ಒಂದು ಸಣ್ಣ ಕೊಕ್ಕೆಯೇ.

ಇಲ್ಲಿ ಹಲವರು ಎಡವುವ ಒಂದು ಸಂಗತಿಯಿದೆ. ಅಂಟುತ್ತಿದೆಯೆಂದು ಕೋರನ್ನು ಕನ್ನಡಿಯಂತೆ ಉಜ್ಜಿಸುತ್ತಾರೆ. ಪಿ.ಪಿ., ಪಾಲಿಎಥಿಲೀನ್‌ಗಳಿಗೆ ಕನ್ನಡಿ ಮೈಯೇ ಶತ್ರು. ಡಬ್ಬಿಗೂ ಕೋರಿಗೂ ನಡುವೆ ಗಾಳಿ ನುಗ್ಗಲು ದಾರಿ ಇರುವುದಿಲ್ಲ, ನಿರ್ವಾತ ಹಿಡಿದುಕೊಳ್ಳುತ್ತದೆ. ತಳ್ಳುವಾಗ ಡಬ್ಬಿಯ ತಳ ಒಳಕ್ಕೆ ಬಾಗಿ, ಬಿಡುವಾಗ ಬಾಟಲಿಯ ಬಿರಡೆ ಕಿತ್ತಂತೆ ‘ಟಪ್’ ಎಂಬ ಸದ್ದು ಬಂದರೆ ನಿಮ್ಮದು ನಿರ್ವಾತದ ತೊಂದರೆ. ಕೋರಿಗೆ ತೆಳುವಾಗಿ ಮಂಕು ಮೈ ಕೊಡಿಸಿ, ಅಥವಾ ತಳದಲ್ಲಿ ಗಾಳಿ ಕವಾಟ ಕೂರಿಸಿ. ಸಿಲಿಕೋನ್ ಬೇಡ. ಸದ್ದು ‘ಕಿರ್ರ್’ ಎಂದು ಉದ್ದಕ್ಕೂ ಬಂದರೆ ಅದು ಘರ್ಷಣೆ. ಸಿಲಿಕೋನಿಗೆ ಕೆಲಸವಿರುವುದು ಇಲ್ಲಿ.

ಅಚ್ಚು ತುಂಬಿದ ಮೇಲೂ ಮಾಲನ್ನು ಒತ್ತಿ ಹಿಡಿಯುವ ಹೋಲ್ಡಿಂಗ್ ಒತ್ತಡವನ್ನೂ ನೋಡಿ. ಅತಿಯಾಗಿ ತುಂಬಿದ ಡಬ್ಬಿ ಅಚ್ಚಿನಲ್ಲಿ ಬಿಗಿದು ಕೂರುತ್ತದೆ. ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡಿದರೆ ಎಷ್ಟೋ ಸಲ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ನೆಗಡಿಯೆಂದು ಮೂಗು ಕೊಯ್ದುಕೊಳ್ಳುವುದು ಬೇಡ.

ಹಂತ 3: ಯಾವ ರೂಪದ ಸಿಲಿಕೋನ್?

ಅಂಗಡಿಯಲ್ಲಿ ‘ಸಿಲಿಕೋನ್’ ಎಂದರೆ ನಾಲ್ಕು ಬೇರೆ ಬೇರೆ ಸಾಮಾನು ಸಿಗುತ್ತದೆ.

ಸ್ಪ್ರೇ ಅಚ್ಚಿನ ಮೇಲೆ ಹೊಡೆಯುವುದಕ್ಕೆ. ಹೊಸ ಅಚ್ಚಿನ ಮೊದಲ ಕೆಲವು ಶಾಟ್‌ಗಳಿಗೆ ಸರಿ. ನಿತ್ಯ ಬಳಸಿದರೆ ಗಾಳಿಕಂಡಿಗಳಲ್ಲಿ ಜಿಡ್ಡು ಕಟ್ಟುತ್ತದೆ, ಪಕ್ಕದ ಯಂತ್ರದ ಮಾಲಿಗೂ ಹಾರುತ್ತದೆ.

ತೆಳು ಎಣ್ಣೆ ಕಡಿಮೆ ಅಣುತೂಕದ್ದು. ಕಾಳಿನ ಮೈಗೆ ಅಂಟಿ ಸ್ಕ್ರೂ ಜಾರಿಸುತ್ತದೆ, ದಿನ ಕಳೆದಂತೆ ಭಾಗದ ಮೈಗೆ ಜಿನುಗುತ್ತದೆ. ಹಾಪರಿಗೆ ನೇರವಾಗಿ ಸುರಿಯಬೇಡಿ. ಇದರಲ್ಲಿ ರಿಯಾಯಿತಿ ಇಲ್ಲ.

ಪುಡಿ ಕಾಂಪೌಂಡಿಂಗ್ (ಪ್ಲಾಸ್ಟಿಕ್ಕಿಗೆ ಬೇರೆ ವಸ್ತು ಕರಗಿಸಿ ಬೆರೆಸಿ ಹೊಸ ಕಾಳು ತಯಾರಿಸುವುದು) ಮಾಡುವವರಿಗೆ. ಮೋಲ್ಡಿಂಗ್ ಯಂತ್ರದ ಹಾಪರಿನಲ್ಲಿ ಪುಡಿ ಕೆಳಗಿಳಿದು, ಕಾಳು ಮೇಲುಳಿಯುತ್ತದೆ.

ನಮಗೆ ಬೇಕಾದ್ದು ಕಾಳಿನ ರೂಪದ ಮಾಸ್ಟರ್‌ಬ್ಯಾಚ್. ಅದರಲ್ಲಿರುವುದು ಅತಿ ಹೆಚ್ಚು ಅಣುತೂಕದ ಸಿಲೋಕ್ಸೇನ್ (ಸಿಲಿಕೋನಿನ ರಾಸಾಯನಿಕ ಹೆಸರು), ಅಂದರೆ ಎಣ್ಣೆಗಿಂತ ಗೋಂದಿಗೆ ಹತ್ತಿರದ ವಸ್ತು. ಅಣು ಉದ್ದವಾದ್ದರಿಂದ ಪ್ಲಾಸ್ಟಿಕ್ಕಿನಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ, ಸುಲಭಕ್ಕೆ ಜಿನುಗುವುದಿಲ್ಲ. ಎರುಕಮೈಡಿನಂಥ ಹಳೆಯ ಜಾರು ಸಂಯೋಜಕಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ; ಅವು ಹೊರಮೈಗೆ ಬಂದು ಬೇಸಿಗೆಯ ಗೋದಾಮಿನಲ್ಲಿ ಬಿಳಿ ಪೊರೆ ಕಟ್ಟುತ್ತವೆ.

ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ. ಒಂದು, ಸಕ್ರಿಯ ಸಿಲೋಕ್ಸೇನ್ ಶೇಕಡಾ ಎಷ್ಟು? ಸಾಮಾನ್ಯವಾಗಿ 50 ಇರುತ್ತದೆ, ಶೇ. 25ರದ್ದೂ ಶೇ. 70ರದ್ದೂ ಇವೆ. ಎರಡು, ಅದನ್ನು ಹೊತ್ತಿರುವ ರಾಳ ಯಾವುದು? ಪಿ.ಪಿ. ಡಬ್ಬಿಗೆ ಪಿ.ಪಿ. ರಾಳವೇ ಬೇಕು. ಪಾಲಿಎಥಿಲೀನ್ ರಾಳದ್ದನ್ನು ಎ.ಬಿ.ಎಸ್.ಗೆ ಹಾಕಿದರೆ ಭಾಗ ಪದರ ಪದರವಾಗಿ ಸುಲಿಯುತ್ತದೆ. ನೈಲಾನ್ ರಾಳದ್ದಾದರೆ ಮಾಸ್ಟರ್‌ಬ್ಯಾಚನ್ನೂ ಒಣಗಿಸಬೇಕೆಂಬುದು ನೆನಪಿರಲಿ.

ಹಂತ 4: ಪ್ರಮಾಣ ಲೆಕ್ಕ ಹಾಕುವುದು

ಶೇಕಡಾವಾರು ಮಾತಾಡುವಾಗ ಗೊಂದಲವಾಗುವುದು ಇಲ್ಲೇ. ‘ಶೇ. 1 ಹಾಕಿ’ ಎಂದರೆ ಮಾಸ್ಟರ್‌ಬ್ಯಾಚ್ ಶೇ. 1ರಷ್ಟೋ, ಅದರೊಳಗಿನ ಸಿಲೋಕ್ಸೇನ್ ಶೇ. 1ರಷ್ಟೋ? ಎರಡರ ನಡುವೆ ದುಪ್ಪಟ್ಟು ವ್ಯತ್ಯಾಸ. ನಾನು ಯಾವಾಗಲೂ ಸಕ್ರಿಯ ಸಿಲೋಕ್ಸೇನಿನ ಲೆಕ್ಕ ಹೇಳುತ್ತೇನೆ.

ಹರಿವು ಸುಧಾರಿಸಲು, ಅಚ್ಚಿನಿಂದ ಸುಲಭವಾಗಿ ಬಿಡಿಸಲು ಶೇ. 0.1ರಿಂದ 1 ಸಾಕು. ಗೀರು, ಸವೆತ ತಡೆಯಲು, ಕೈಗೆ ನುಣುಪು ಹತ್ತಲು ಶೇ. 1ರಿಂದ 5ರವರೆಗೆ ಬೇಕಾಗುತ್ತದೆ. ಕಾರಿನ ಒಳಭಾಗದ ಟಾಲ್ಕ್ ತುಂಬಿದ ಪಿ.ಪಿ. ಹಲಗೆಗಳಿಗೆ ಹೋಗುವುದು ಈ ಎರಡನೆಯದು. ಡಬ್ಬಿ ಬಿಡಿಸಲು ಬಂದವರು ಗೀರು ತಡೆಯುವ ಪ್ರಮಾಣ ಹಾಕಿದರೆ ಸ್ಕ್ರೂ ಜಾರುವ ಕಷ್ಟ ತಾನಾಗಿ ಬರುತ್ತದೆ.

ನಮ್ಮ ಡಬ್ಬಿಗೆ ಮೂರು ಮೆಟ್ಟಿಲು ಇಡಿ: ಸಕ್ರಿಯ ಶೇ. 0.25, 0.5, 1. ಶೇ. 50ರ ಮಾಸ್ಟರ್‌ಬ್ಯಾಚ್ ಆದರೆ 25 ಕೆ.ಜಿ. ಚೀಲಕ್ಕೆ ಕ್ರಮವಾಗಿ 125, 250, 500 ಗ್ರಾಂ. ಕೆಳಗಿನ ಮೆಟ್ಟಿಲಿನಿಂದ ಆರಂಭಿಸಿ, ಡಬ್ಬಿ ಸಲೀಸಾಗಿ ಬಿಟ್ಟ ಮೆಟ್ಟಿಲಲ್ಲಿ ನಿಲ್ಲಿ.

ಚಿಕ್ಕ ಭಾಗ ಮಾಡುವವರು ಇನ್ನೊಂದು ಲೆಕ್ಕ ಮಾಡಬೇಕು. ಒಂದು ಕಾಳಿನ ತೂಕ ಸುಮಾರು 20ರಿಂದ 30 ಮಿಲಿಗ್ರಾಂ. 120 ಗ್ರಾಂ ಡಬ್ಬಿಗೆ ಶೇ. 1 ಮಾಸ್ಟರ್‌ಬ್ಯಾಚ್ ಎಂದರೆ 1.2 ಗ್ರಾಂ, ಅಂದರೆ 40ರಿಂದ 60 ಕಾಳು. ಒಂದೆರಡು ಹೆಚ್ಚುಕಡಿಮೆಯಾದರೂ ಗೊತ್ತಾಗುವುದಿಲ್ಲ. ಅದೇ 8 ಗ್ರಾಂನ ಮುಚ್ಚಳಕ್ಕೆ 0.08 ಗ್ರಾಂ, ಬರೀ ಮೂರ್ನಾಲ್ಕು ಕಾಳು. ಒಂದು ಶಾಟ್‌ಗೆ ಎರಡು ಬೀಳುತ್ತದೆ, ಮುಂದಿನದಕ್ಕೆ ಆರು. ಒಂದು ಮುಚ್ಚಳ ಅಂಟುತ್ತದೆ, ಇನ್ನೊಂದು ಜಾರುತ್ತದೆ, ಆಪರೇಟರ್ ತಲೆ ಕೆರೆದುಕೊಳ್ಳುತ್ತಾನೆ. ಇಂಥಲ್ಲಿ ಶೇ. 25ರ ಮಾಸ್ಟರ್‌ಬ್ಯಾಚನ್ನು ದುಪ್ಪಟ್ಟು ಹಾಕಿ, ಇಲ್ಲವೇ ಕಾಂಪೌಂಡ್ ಮಾಡಿಸಿಯೇ ತನ್ನಿ.

ಹಂತ 5: ಬೆರೆಸುವುದು

ಪಿ.ಪಿ. ಸಾಮಾನ್ಯವಾಗಿ ಒಣಗಿಸಬೇಕಾಗಿಲ್ಲ. ಎ.ಬಿ.ಎಸ್. ಆದರೆ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 2ರಿಂದ 4 ಗಂಟೆ, ಪಾಲಿಕಾರ್ಬೊನೇಟ್ ಆದರೆ 120 ಡಿಗ್ರಿಯಲ್ಲಿ 3ರಿಂದ 4 ಗಂಟೆ ಒಣಗಿಸಿದ ಮೇಲೆಯೇ ಬೆರೆಸಿ. ತೇವದ ಬೆಳ್ಳಿಗೆರೆಯನ್ನು ಸಿಲಿಕೋನಿನ ಗೆರೆಯೆಂದು ತಪ್ಪು ತಿಳಿದು ಪ್ರಮಾಣ ಇಳಿಸಿದವರಿದ್ದಾರೆ.

ಡ್ರಮ್ಮಿಗೆ ಅರ್ಧ ಪಿ.ಪಿ., ಅದರ ಮೇಲೆ ಮಾಸ್ಟರ್‌ಬ್ಯಾಚ್, ಮತ್ತೆ ಉಳಿದರ್ಧ ಪಿ.ಪಿ. ಹಾಕಿ. ಡ್ರಮ್ಮಿನ ಮೂರನೇ ಒಂದು ಭಾಗವಾದರೂ ಖಾಲಿ ಇರಲಿ, ಇಲ್ಲದಿದ್ದರೆ ಕಾಳು ಉರುಳುವುದಿಲ್ಲ. ಹತ್ತು ನಿಮಿಷ ಉರುಳಿಸಿ. ಬಣ್ಣದ ಪುಡಿ ಹಿಡಿಯಲೆಂದು ಬಿಳಿ ಎಣ್ಣೆ ಸವರುವ ರೂಢಿಯಿದ್ದರೆ ಇಲ್ಲಿ ಬಿಟ್ಟುಬಿಡಿ. ಎರಡು ಜಾರು ವಸ್ತು ಒಟ್ಟಿಗೆ ಬೇಡ.

ಬೆರೆಸಿದ ಮಾಲನ್ನು ಉದ್ದನೆಯ ಪೈಪಿನ ನಿರ್ವಾತ ಲೋಡರಿನಲ್ಲಿ ಎಳೆದರೆ ಮತ್ತೆ ಬೇರ್ಪಡಬಹುದು. ಹಾಪರ್ ತುಂಬ ತುಂಬಿಸಿ ಗಂಟೆಗಟ್ಟಲೆ ಅದುರಲು ಬಿಡುವುದಕ್ಕಿಂತ ಸ್ವಲ್ಪ ಸ್ವಲ್ಪವೇ ಹಾಕುವುದು ಲೇಸು. ಡೋಸಿಂಗ್ ಯಂತ್ರ ಇದ್ದವರು ಹತ್ತು ಶಾಟ್‌ಗೆ ಬಿದ್ದ ಮಾಸ್ಟರ್‌ಬ್ಯಾಚನ್ನು ಹಿಡಿದು ತೂಗಿ ನೋಡಿ. ಪರದೆಯ ಅಂಕಿಯನ್ನು ಹಾಗೇ ನಂಬಬೇಡಿ.

ಹಂತ 6: ಮೊದಲ ಓಟ

ಸಿಲಿಕೋನ್ ಹಾಕುವ ಮುನ್ನ, ಈಗಿನ ಸೆಟ್ಟಿಂಗ್‌ನಲ್ಲಿ ಹತ್ತು ಶಾಟ್ ಹೊಡೆದು ನಾಲ್ಕು ಅಂಕಿ ಬರೆದಿಡಿ: ಡಬ್ಬಿಯ ತೂಕ, ಗರಿಷ್ಠ ಇಂಜೆಕ್ಷನ್ ಒತ್ತಡ, ಸ್ಕ್ರೂ ಹಿಂದಕ್ಕೆ ಬರಲು ಹಿಡಿದ ಸಮಯ, ಕುಷನ್ (ತುಂಬಿದ ಮೇಲೆ ಸ್ಕ್ರೂ ಮುಂದೆ ಉಳಿಯುವ ಮಾಲು). ಇವು ಇಲ್ಲದೆ ಸಿಲಿಕೋನ್ ಕೆಲಸ ಮಾಡಿತೋ ಇಲ್ಲವೋ ಎಂದು ಹೇಳಲು ಬರುವುದಿಲ್ಲ.

ಈಗ ಚೀಲಕ್ಕೆ 125 ಗ್ರಾಂ ಮಾಸ್ಟರ್‌ಬ್ಯಾಚ್ ಬೆರೆಸಿದ ಮಾಲು ಹಾಕಿ. ಬ್ಯಾರೆಲಿನಲ್ಲಿ ಹಳೆಯ ಮಾಲು ಇನ್ನೂ ಇರುತ್ತದೆ, ಮೊದಲ ಡಬ್ಬಿಗಳನ್ನು ನೋಡಿ ತೀರ್ಪು ಕೊಡಬೇಡಿ. ಇಪ್ಪತ್ತು ಮೂವತ್ತು ಶಾಟ್ ಹೋಗಲಿ. ಆಮೇಲೆ ಮತ್ತೆ ಹತ್ತು ಶಾಟಿನ ಅದೇ ನಾಲ್ಕು ಅಂಕಿ.

ಹರಿವು ನಿಜವಾಗಿ ಸುಧಾರಿಸಿದ್ದರೆ ಅದೇ ವೇಗಕ್ಕೆ ಗರಿಷ್ಠ ಒತ್ತಡ ಇಳಿದಿರುತ್ತದೆ. ಸ್ಕ್ರೂ ಹಿಂದಕ್ಕೆ ಬರುವ ಸಮಯ ಮೊದಲಿನಷ್ಟೇ ಇರಬೇಕು. ಒಂದು ಶಾಟ್‌ಗೆ 8 ಸೆಕೆಂಡ್, ಮುಂದಿನದಕ್ಕೆ 11, ಮತ್ತೆ 9 ಎಂದು ಕುಣಿಯತೊಡಗಿದರೆ ಸ್ಕ್ರೂ ಜಾರಲು ಶುರುವಾಗಿದೆ. ಹಿಂದಕ್ಕೆ ಬರುವ ಸ್ಕ್ರೂವನ್ನು ತಡೆದು ಹಿಡಿಯುವ ಬ್ಯಾಕ್ ಪ್ರೆಶರ್ ತುಸು ಇಳಿಸಿ, ಹಾಪರ್ ಕಂಠದ ತಂಪು ನೀರು ಹರಿಯುತ್ತಿದೆಯೇ ನೋಡಿ. ಆಗಲೂ ನಿಲ್ಲದಿದ್ದರೆ ಪ್ರಮಾಣ ಹೆಚ್ಚಾಗಿದೆ, ಅಥವಾ ಬೆರೆತಿಲ್ಲ.

ಎರಡನೆಯ ಮೆಟ್ಟಿಲಿಗೆ ಹೋಗುವ ಮೊದಲು ಡಬ್ಬಿಯನ್ನು ಪರೀಕ್ಷಿಸಿ. ಮಾಲು ಅಚ್ಚಿಗೆ ಹೊಗುವ ಗೇಟಿನ ಬುಡವನ್ನು ಬ್ಲೇಡಿನಿಂದ ತುಸು ಕೆತ್ತಿ, ಉಗುರಿನಿಂದ ಎಬ್ಬಿಸಿ ನೋಡಿ. ಈರುಳ್ಳಿ ಸಿಪ್ಪೆಯಂತೆ ತೆಳು ಪದರ ಎದ್ದು ಬಂದರೆ ಅಲ್ಲಿಗೇ ನಿಲ್ಲಿಸಿ. ಮಾಲಿನ ಎರಡು ಹರಿವು ಕೂಡುವ ವೆಲ್ಡ್ ಗೆರೆಯ ಮೇಲೆ ಬಾಗಿಸಿ ನೋಡಿ, ಹಿಡಿಕೆ ಇದ್ದರೆ ಎಳೆದು ನೋಡಿ. ನೀರು ತುಂಬಿ ಎದೆಮಟ್ಟದಿಂದ ಬೀಳಿಸಿ. ಸಿಲಿಕೋನ್ ಇರುವ ಮತ್ತು ಇಲ್ಲದ ಐದೈದು ಡಬ್ಬಿಗಳನ್ನು ಪಕ್ಕಪಕ್ಕ ಬೀಳಿಸಿದರೆ ಗಿರಾಕಿ ಏನು ಹೇಳಬಹುದೆಂಬುದು ನಿಮಗೆ ಮೊದಲೇ ತಿಳಿದಿರುತ್ತದೆ.

ಹಂತ 7: ಯಂತ್ರವನ್ನು ಮರುಹೊಂದಿಸುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಹಣ ವಾಪಸು ಬರುವುದೂ ಇಲ್ಲಿಂದಲೇ. ಮಾಲು ಈಗ ಸಲೀಸಾಗಿ ಹರಿಯುತ್ತದೆ. ಹಳೆಯ ಒತ್ತಡ, ಹಳೆಯ ಶಾಖವನ್ನೇ ಇಟ್ಟರೆ ಅಂಚಿನಲ್ಲಿ ಫ್ಲ್ಯಾಶ್ (ಹೊರಚಾಚಿದ ತೆಳು ಪೊರೆ) ಬರುತ್ತದೆ, ನಾಝಲ್ ತೊಟ್ಟಿಕ್ಕುತ್ತದೆ, ಅತಿಯಾಗಿ ತುಂಬಿ ಡಬ್ಬಿ ಮತ್ತೆ ಕಚ್ಚುತ್ತದೆ. ಆಗ ‘ಇನ್ನಷ್ಟು ಸಿಲಿಕೋನ್ ಹಾಕು’ ಎನ್ನುತ್ತಾರೆ.

ಒಂದು ಸಲಕ್ಕೆ ಒಂದೇ ಗುಂಡಿ ಮುಟ್ಟಿ, ಈ ಕ್ರಮದಲ್ಲಿ.

ಮೊದಲು ತುಂಬುವಿಕೆ. ಹೋಲ್ಡಿಂಗ್ ಸೊನ್ನೆ ಮಾಡಿ, ಅಚ್ಚು ಶೇ. 95ರಿಂದ 98 ತುಂಬುವಂತೆ ತುಂಬುವುದು ಮುಗಿದು ಹೋಲ್ಡಿಂಗ್ ಶುರುವಾಗುವ ಸ್ವಿಚ್ ಓವರ್ ಬಿಂದುವನ್ನು ಮತ್ತೆ ಗೊತ್ತುಪಡಿಸಿ. ಮೊದಲಿನ ಬಿಂದು ಈಗ ತಡವಾಗಿರುತ್ತದೆ.

ನಂತರ ಹೋಲ್ಡಿಂಗ್ ಒತ್ತಡ. ಡಬ್ಬಿಯ ತೂಕ ಮೊದಲು ಬರೆದಿಟ್ಟ ಅಂಕಿಗೆ ಬರುವಷ್ಟು ಮಾತ್ರ ಏರಿಸಿ. ಸಿಂಕ್ ಗುರುತು (ಮೈ ಕುಸಿದ ತಗ್ಗು) ಇಲ್ಲದಿದ್ದರೆ ಅಲ್ಲೇ ನಿಲ್ಲಿ.

ಮೂರನೆಯದು ಕರಗಿದ ಮಾಲಿನ ಶಾಖ. ಪಿ.ಪಿ.ಯನ್ನು 230 ಡಿಗ್ರಿಯಲ್ಲಿ ಓಡಿಸುತ್ತಿದ್ದರೆ 5 ಡಿಗ್ರಿ ಇಳಿಸಿ, ಹದಿನೈದು ನಿಮಿಷ ಕಾದು, ಶಾರ್ಟ್ ಶಾಟ್ (ಪೂರ್ತಿ ತುಂಬದ ಡಬ್ಬಿ) ಬರುತ್ತದೆಯೇ ನೋಡಿ. ಮತ್ತೆ 5. ಒತ್ತಡ ಹಳೆಯ ಅಂಕಿಯ ಹತ್ತಿರಕ್ಕೆ ಏರಿದರೆ ಅಲ್ಲಿಗೆ ಸಾಕು.

ಕೊನೆಗೆ ತಂಪಾಗುವ ಸಮಯ. ಕಡಿಮೆ ಶಾಖದ ಮಾಲು ಬೇಗ ಗಟ್ಟಿಯಾಗುತ್ತದೆ, ಎಜೆಕ್ಟರ್ ಪಿನ್ನಿಗೂ ಈಗ ಮೃದುವಾಗಿ ತಳ್ಳಿದರೆ ಸಾಕು. ಒಂದೊಂದೇ ಸೆಕೆಂಡ್ ಕಡಿತಗೊಳಿಸಿ. ಡಬ್ಬಿಯ ಬಾಯಿಯ ಅಳತೆಯನ್ನು ಕೂಡಲೇ ಅಳೆದು ಸಂತೋಷಪಡಬೇಡಿ, ಪಿ.ಪಿ. ಅಚ್ಚಿನಿಂದ ಬಂದ ಮೇಲೂ ಕುಗ್ಗುತ್ತದೆ. 24 ಗಂಟೆ ಬಿಟ್ಟು ಅಳೆದು, ಮುಚ್ಚಳ ಹಾಕಿ ನೋಡಿ, ಆಮೇಲೆ ಸೆಟ್ಟಿಂಗ್ ಕಾಗದಕ್ಕೆ ಸಹಿ ಹಾಕಿ.

ಎಚ್ಚರಿಕೆಯ ಗುರುತುಗಳು

ಡಬ್ಬಿಯ ತುದಿಯಲ್ಲಿ ಸುಟ್ಟ ಕಲೆ ಕಂಡರೆ, ಮಾಲು ವೇಗವಾಗಿ ನುಗ್ಗಿ ಗಾಳಿ ಸಿಕ್ಕಿಹಾಕಿಕೊಂಡಿದೆ. ಗಾಳಿಕಂಡಿ ಶುಚಿ ಮಾಡಿ, ಕೊನೆಯ ಭಾಗದ ವೇಗ ಇಳಿಸಿ.

ಮೈಮೇಲೆ ಮೋಡದಂಥ ಗೆರೆಗಳಿದ್ದರೆ ಬೆರಕೆ ಸಾಲದು. ಬ್ಯಾಕ್ ಪ್ರೆಶರ್ ಅನ್ನು ತುಸು ಏರಿಸಿ. ಸ್ಕ್ರೂ ಜಾರಿದಾಗ ಇಳಿಸಿ ಎಂದೆ, ಇಲ್ಲಿ ಏರಿಸಿ ಎನ್ನುತ್ತಿದ್ದೇನೆ. ಎರಡೂ ಒಟ್ಟಿಗೆ ಕಾಣಿಸಿಕೊಂಡರೆ ಸೆಟ್ಟಿಂಗ್‌ನಲ್ಲಿ ಬಗೆಹರಿಯುವುದಿಲ್ಲ, ಮಾಸ್ಟರ್‌ಬ್ಯಾಚಿನ ರಾಳವೇ ಹೊಂದುತ್ತಿಲ್ಲ.

ನೆಲ ಜಾರುತ್ತಿದ್ದರೆ ನಗಬೇಡಿ. ಚೆಲ್ಲಿದ ಮಾಸ್ಟರ್‌ಬ್ಯಾಚ್ ಕಾಳಿನ ಮೇಲೆ ಕಾಲಿಟ್ಟು ಬಿದ್ದವರಿದ್ದಾರೆ. ಚೆಲ್ಲಿದ ಕೂಡಲೇ ಗುಡಿಸಿ.

ಕಟುವಾದ, ಕಣ್ಣು ಉರಿಸುವ ವಾಸನೆ ಬಂದರೆ ಶಾಖ ಇಳಿಸಿ ಕಿಟಕಿ ತೆರೆಯಿರಿ. ಬಿಸಿ ಗಾಳಿಯಲ್ಲಿ ಸಿಲಿಕೋನ್ ಆಕ್ಸಿಡೀಕರಣಗೊಂಡರೆ ಅಲ್ಪ ಪ್ರಮಾಣದ ಫಾರ್ಮಾಲ್ಡಿಹೈಡ್ ಹೊರಡುತ್ತದೆ. ಊಟಕ್ಕೆ ಹೋಗುವಾಗ ಬ್ಯಾರೆಲ್ ಪೂರ್ತಿ ಬಿಸಿಯಲ್ಲಿ ಬಿಟ್ಟುಹೋಗುವ ಅಭ್ಯಾಸ ಇಲ್ಲಿ ನಡೆಯದು.

ಹಂತ 8: ಗ್ರೈಂಡಿಂಗ್ ಮಾಲು ಮತ್ತು ಶುಚಿ

ರನ್ನರ್ (ಮಾಲು ಹರಿದ ಕಾಲುವೆಯಲ್ಲಿ ಗಟ್ಟಿಯಾದ ತುಂಡು), ತಿರಸ್ಕೃತ ಡಬ್ಬಿಗಳನ್ನು ಪುಡಿ ಮಾಡಿ ಮತ್ತೆ ಹಾಕುವಾಗ ಅವುಗಳಲ್ಲಿ ಸಿಲಿಕೋನ್ ಆಗಲೇ ಇದೆ. ಶೇ. 20 ಗ್ರೈಂಡಿಂಗ್ ಮಾಲು ಸೇರಿಸಿ, ಒಟ್ಟು ತೂಕದ ಮೇಲೆ ಪ್ರತಿ ಸಲ ಸಕ್ರಿಯ ಶೇ. 1 ಹಾಕುತ್ತ ಹೋದರೆ ಕೆಲವು ಸುತ್ತುಗಳಲ್ಲಿ ಅದು ಶೇ. 1.25ಕ್ಕೆ ಹೋಗಿ ನಿಲ್ಲುತ್ತದೆ. ಹೊಸ ಮಾಲಿನ ತೂಕಕ್ಕೆ ಮಾತ್ರ ಲೆಕ್ಕ ಹಾಕಿ. ಈ ಪುಡಿಯ ಚೀಲಕ್ಕೆ ಬೇರೆ ಬಣ್ಣದ ಚೀಟಿ ಹಚ್ಚಿ. ಬಣ್ಣ ಬಳಿಯುವ ಕೆಲಸದ ಮಾಲಿಗೆ ಒಂದು ಹಿಡಿ ಬಿದ್ದರೂ ಬೂತಿನಲ್ಲಿ ಮೀನಿನ ಕಣ್ಣಿನಂಥ ಕುಳಿಗಳು ಏಳುತ್ತವೆ. ಎಲ್ಲಿಂದ ಬಂತೆಂದು ವಾರಗಟ್ಟಲೆ ಹುಡುಕುತ್ತೀರಿ.

ಅದೇ ಯಂತ್ರದಲ್ಲಿ ಮುಂದೆ ಮುದ್ರಣದ ಡಬ್ಬಿ ಓಡಬೇಕಿದ್ದರೆ ಹಾಪರ್, ಲೋಡರ್ ಪೈಪು, ಗ್ರೈಂಡರ್ ಮೂರನ್ನೂ ಬಿಚ್ಚಿ ಒರೆಸಿ. ಬ್ಯಾರೆಲನ್ನು ಒಳಗನ್ನು ಶುಚಿ ಮಾಡುವ ಪರ್ಜಿಂಗ್ ಕಾಂಪೌಂಡಿನಿಂದ ತಳ್ಳಿ, ಆಮೇಲೆ ಶುದ್ಧ ಪಿ.ಪಿ. ಓಡಿಸಿ. ಅಚ್ಚಿನ ಮೈಯನ್ನು ದ್ರಾವಕದಿಂದ ಒರೆಸಿ. ಕೈಗವಸೂ ಹೊಸದಾಗಲಿ.

ಶುಚಿಯಾಯಿತೇ ಎಂದು ತಿಳಿಯಲು ಹಲವರು ಡಬ್ಬಿಯ ಮೇಲೆ ನೀರಿನ ಹನಿ ಬಿಟ್ಟು ನೋಡುತ್ತಾರೆ. ಪಿ.ಪಿ. ಮೇಲೆ ಸಿಲಿಕೋನ್ ಇಲ್ಲದಿದ್ದರೂ ಹನಿ ಮುತ್ತಿನಂತೆಯೇ ನಿಲ್ಲುತ್ತದೆ, ಅದರಿಂದ ಏನೂ ತಿಳಿಯದು. ಮುದ್ರಣಕ್ಕೆ ಮೊದಲು ಮಾಡುವಂತೆ ಡಬ್ಬಿಗೆ ಜ್ವಾಲೆ ತೋರಿಸಿ, ತಣಿದ ಮೇಲೆ ನೀರು ಹಾಕಿ. ಶುಚಿಯಾಗಿದ್ದರೆ ನೀರು ಪೊರೆಯಂತೆ ಹರಡಿ ನಿಲ್ಲುತ್ತದೆ. ಅಲ್ಲಲ್ಲಿ ಹಿಂಜರಿದು ದ್ವೀಪಗಳಾದರೆ ಆ ಒಣ ಜಾಗಗಳಲ್ಲಿ ಸಿಲಿಕೋನ್ ಇನ್ನೂ ಇದೆ. 38ರ ಡೈನ್ ಪೆನ್ನಿನ ಗೆರೆಯೂ ಹಾಗೆಯೇ, ಒಡೆಯದೆ ನಿಲ್ಲಬೇಕು. ಎರಡೂ ದಾಟಿದ ಮೇಲೆ ಒಂದು ಡಬ್ಬಿಗೆ ಮುದ್ರಿಸಿ, ಒಂದು ರಾತ್ರಿ ಬಿಟ್ಟು, ಅಂಟುಪಟ್ಟಿ ಒತ್ತಿ ಸರ್ರನೆ ಕೀಳಿ. ಪಟ್ಟಿಗೆ ಶಾಯಿ ಹತ್ತಿದ್ದರೆ ಮತ್ತೆ ಹಾಪರಿನಿಂದ ಶುರು ಮಾಡಿ.